ಗಾಂಜಾ ಕುರಿತ ಪರಿಚಯ ಪುಸ್ತಕ: ಕೊಳ್ಳುವ ಮುನ್ನ ಏನು ನೋಡಬೇಕು?

ದಾವಣಗೆರೆಯಲ್ಲಿ ಹಾಸ್ಟೆಲ್ ಮಕ್ಕಳ ನಡುವೆ ಕೆಲಸ ಮಾಡುವ ನನ್ನನ್ನು ಪಾಲಕರು ಆಗಾಗ ಕೇಳುತ್ತಾರೆ: ‘ಗಾಂಜಾ ಬಗ್ಗೆ ಸರಿಯಾಗಿ ತಿಳಿಸೋ ಪುಸ್ತಕ ಯಾವುದಾದ್ರೂ ಇದೆಯಾ ಸರ್?’ ಕೆಲವು ಪುಸ್ತಕ ಬರೀ ಹೆದರಿಸುತ್ತವೆ, ಕೆಲವು ಬರೀ ಹೊಗಳುತ್ತವೆ. ಅಂಗಡಿಯಲ್ಲೇ ಹತ್ತು ನಿಮಿಷ ನಿಂತು ಪುಟ ತಿರುವಿದರೆ ಜೊಳ್ಳು ಯಾವುದು, ಗಟ್ಟಿ ಯಾವುದು ಎಂದು ತಿಳಿಯುತ್ತದೆ.

ಮೊದಲು ಹೆಸರುಗಳನ್ನು ನೋಡಿ. ಗಿಡ ಒಂದೇ; ಎಲೆ ಭಂಗಿ, ಹೂತೆನೆ ಗಾಂಜಾ, ಅಂಟು ಚರಸ್. ಅನುವಾದದ ಪುಸ್ತಕವಾದರೆ ಈ ಗಿಡದ ಇಂಗ್ಲಿಷ್ ಹೆಸರಾದ ‘ಹೆಂಪ್’ ಪದವನ್ನು ಏನೆಂದು ಬರೆದಿದ್ದಾರೆ ಎಂದು ಹುಡುಕಿ. ‘ಸೆಣಬು’ ಎಂದಿದ್ದರೆ ಅಲ್ಲೇ ಇಟ್ಟುಬಿಡಿ. ಅಂಥದ್ದೊಂದನ್ನು ನಾನೇ ತಂದು ಕಪಾಟಿನಲ್ಲಿಟ್ಟಿದ್ದೆ. ಹರಿಹರದ ಕಡೆಯ ಹುಡುಗನೊಬ್ಬ, ‘ಸರ್, ಸೆಣಬು ನಮ್ಮಪ್ಪ ಗದ್ದೆಗೆ ಬಿತ್ತೋದಲ್ವಾ?’ ಎಂದ. ಅವನದೇ ಸರಿ. ಹಸಿರೆಲೆ ಗೊಬ್ಬರದ ಸೆಣಬು ದ್ವಿದಳ ಜಾತಿಯದು, ಅದರಲ್ಲಿ ಅಮಲಿಲ್ಲ. ನಾವು ಪಲ್ಯ ಮಾಡುವ ಪುಂಡಿಯ ಶಾಸ್ತ್ರೀಯ ಹೆಸರು ಹೈಬಿಸ್ಕಸ್ ಕ್ಯಾನಬಿನಸ್. ಗಾಂಜಾ ಗಿಡದ ಶಾಸ್ತ್ರೀಯ ಹೆಸರು ಕ್ಯಾನಬಿಸ್; ಎಲೆಯ ಹೋಲಿಕೆಯಿಂದ ಪುಂಡಿಗೆ ಆ ಹೆಸರು ಬಂತು, ನಂಟು ಅಷ್ಟೇ. ಗಿಡವನ್ನೇ ಗುರುತಿಸದವರು ಅದರ ಗುಣವನ್ನು ಹೇಗೆ ಹೇಳಿಯಾರು?

ಆಮೇಲೆ ಕಾನೂನಿನ ಅಧ್ಯಾಯ. ಕೆನಡಾದಲ್ಲಿ 2018ರಿಂದ ಅಂಗಡಿಯಲ್ಲಿ ಮಾರುತ್ತಾರೆ ಎಂಬಲ್ಲಿಗೇ ಮಾತು ನಿಂತರೆ ನಮ್ಮ ಮಕ್ಕಳಿಗೆ ಅದು ಅಪಾಯದ ಪುಸ್ತಕ. ನಮ್ಮ ದೇಶದಲ್ಲಿ ಮಾದಕ ವಸ್ತುಗಳ ಮೇಲೆ 1985ರ ಎನ್‌ಡಿಪಿಎಸ್ ಕಾಯ್ದೆ ಇದೆ. 1 ಕೆ.ಜಿ.ಗಿಂತ ಕಡಿಮೆ ಗಾಂಜಾ ಅದರ ಪ್ರಕಾರ ‘ಅಲ್ಪ ಪ್ರಮಾಣ’. ಅಲ್ಪ ಎಂದರೆ ಮಾಫಿಯಲ್ಲ, 1 ವರ್ಷದವರೆಗೆ ಜೈಲಾಗಬಹುದು. ಗಿಡ ಬೆಳೆಸಿದರೆ 10 ವರ್ಷದವರೆಗೆ. ಅದೇ ಕಾಯ್ದೆಯ 64ಎ ಕಲಮು, ಚಟಕ್ಕೆ ಬಿದ್ದವರು ಅಲ್ಪ ಪ್ರಮಾಣದ ಅಥವಾ ಸೇವನೆಯ ಆರೋಪದಲ್ಲಿ ತಾವಾಗಿ ಚಿಕಿತ್ಸೆಗೆ ಮುಂದಾದರೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಇದನ್ನು ಬರೆದ ಲೇಖಕರ ಮೇಲೆ ನನಗೆ ಗೌರವ. ಮಗನನ್ನು ಆಸ್ಪತ್ರೆಗೆ ಕರೆದೊಯ್ಯಲು ಅಂಜುವ ಅಪ್ಪ-ಅಮ್ಮನಿಗೆ ಬೇಕಾದ ಸಾಲು ಅದೇ.

ಮೈಮೇಲಿನ ಪರಿಣಾಮಕ್ಕೆ ಒಂದೇ ಪರೀಕ್ಷೆ: ಸೇದುವುದಕ್ಕೂ ತಿನ್ನುವುದಕ್ಕೂ ಇರುವ ವ್ಯತ್ಯಾಸ ಹೇಳಿದೆಯೇ? ಸೇದಿದರೆ ನಿಮಿಷಗಳಲ್ಲಿ ತಲೆಗೇರುತ್ತದೆ. ತಿಂದರೆ, ಕುಡಿದರೆ ಅರ್ಧ ಗಂಟೆಯಿಂದ ಎರಡು ಗಂಟೆ ಹಿಡಿಯುತ್ತದೆ. ‘ಏನೂ ಆಗಲಿಲ್ಲ’ ಎಂದು ಮತ್ತೊಂದು ಲೋಟ ಭಂಗಿ ಕುಡಿದವರು ಆಸ್ಪತ್ರೆ ಸೇರುವುದು ಹೀಗೆ. ಹದಿಹರೆಯದ ಮಿದುಳು, ಮನೆತನದಲ್ಲಿ ಮಾನಸಿಕ ಕಾಯಿಲೆಯ ಇತಿಹಾಸ, ಇವೆರಡರ ಎಚ್ಚರಿಕೆಯೂ ಇರಲೇಬೇಕು.

‘ಕ್ಯಾನ್ಸರ್ ವಾಸಿಯಾಗುತ್ತದೆ’ ಎಂಬ ಸಾಲು ಕಂಡರೆ ಪುಟ ಮುಚ್ಚಿ. ಗಿಡದಲ್ಲಿರುವ ಸಿಬಿಡಿ ಎಂಬ ಒಂದು ಅಂಶದ ಔಷಧಕ್ಕೆ ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ಕಿದ್ದು ಅಪರೂಪದ, ತೀವ್ರ ಬಗೆಯ ಮೂರ್ಛೆರೋಗಕ್ಕೆ. ಅಷ್ಟನ್ನೇ ಅಳೆದು ಹೇಳುವ ಪುಸ್ತಕ ನಂಬಿಕೆಗೆ ಅರ್ಹ.

ಮುದ್ರಣದ ವರ್ಷವನ್ನೂ ಒಮ್ಮೆ ನೋಡಿ. ಕೊನೆಯ ಪುಟದಲ್ಲಿ ವಿದೇಶದ ಸಹಾಯವಾಣಿಗಳಷ್ಟೇ ಇದ್ದರೆ, ಮನೆಗೆ ತಂದ ಕೂಡಲೇ ರಕ್ಷಾಪುಟದ ಒಳಬದಿಗೆ ಪೆನ್ನಿನಲ್ಲಿ 14416 ಎಂದು ಬರೆಯಿರಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ.