ಪೋಸ್ಟ್ ಹಾಕಿದ್ದಾಯ್ತು, ಉತ್ತರ ಯಾರು ಕೊಡ್ತಾರೆ?

ಯಾವುದಾದರೂ ಸರ್ಕಾರಿ ಇಲಾಖೆಯ ಫೇಸ್‌ಬುಕ್ ಪುಟ ತೆರೆದು ನೋಡಿ. ಮೇಲೆ ಸಾಹೇಬರು ಟೇಪು ಕತ್ತರಿಸುತ್ತಿರುವ ಫೋಟೊ. ಕೆಳಗೊಂದು ಕಾಮೆಂಟು: "ಸಾರ್, ನಮ್ಮ ಬೀದಿ ದೀಪ ಹೋಗಿ ಮೂರು ವಾರ ಆಯ್ತು." ಅದರ ಕೆಳಗೆ ಇನ್ನೊಬ್ಬರು: "ನಮ್ಮದೂ." ಉತ್ತರ ಇಲ್ಲ. ಮರುದಿನ ಮತ್ತೊಂದು ಟೇಪು, ಮತ್ತೊಂದು ಫೋಟೊ.

ಇಲಾಖೆಯವರು ಇದನ್ನು ನೋಟಿಸ್ ಬೋರ್ಡ್ ಅಂದುಕೊಂಡಿದ್ದಾರೆ. ಜನ ಕೌಂಟರ್ ಅಂದುಕೊಂಡಿದ್ದಾರೆ. ನನ್ನನ್ನು ಕೇಳಿದರೆ ಜನ ಅಂದುಕೊಂಡಿದ್ದೇ ಸರಿ. ಹಾಗಾದರೆ ಆ ಕೌಂಟರನ್ನು ನಡೆಸುವುದು ಹೇಗೆ?

ಮೊದಲು ಪಾಸ್‌ವರ್ಡ್

ನಗಬೇಡಿ. 2018ರ ಜನವರಿ 13ರ ಬೆಳಿಗ್ಗೆ 8.07ಕ್ಕೆ ಅಮೆರಿಕದ ಹವಾಯಿ ರಾಜ್ಯದ ಜನರ ಫೋನಿಗೆಲ್ಲ ಕ್ಷಿಪಣಿ ದಾಳಿಯ ಎಚ್ಚರಿಕೆ ಬಂತು. ಅದು ತಪ್ಪಾಗಿ ಹೋದ ಸಂದೇಶ. ಎರಡೇ ನಿಮಿಷಕ್ಕೆ ಗವರ್ನರ್ ಡೇವಿಡ್ ಇಗೆ ಅವರಿಗೆ ವಿಷಯ ಗೊತ್ತಾಯಿತು. ಆದರೆ ಅವರ ಟ್ವೀಟ್ ಬಂದದ್ದು 8.24ಕ್ಕೆ. ಟ್ವಿಟರ್ ಪಾಸ್‌ವರ್ಡ್ ನೆನಪಿರಲಿಲ್ಲ ಎಂದು ಆಮೇಲೆ ಅವರೇ ಒಪ್ಪಿಕೊಂಡರು. ಅಷ್ಟು ಹೊತ್ತು ಜನ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿ ಅಡಗುವುದು ಅಂತ ಹುಡುಕುತ್ತಿದ್ದರು.

ಆದ್ದರಿಂದ ಖಾತೆ ಇಲಾಖೆಯ ಹೆಸರಿನಲ್ಲಿರಲಿ, ಅಧಿಕಾರಿಯ ಸ್ವಂತ ಫೋನಿನಲ್ಲಿ ಅಲ್ಲ. ಕೀಲಿ ಕನಿಷ್ಠ ಇಬ್ಬರ ಬಳಿ ಇರಲಿ. ವರ್ಗಾವಣೆ ಆದವರು ಚಾರ್ಜ್ ಕೊಡುವ ದಿನವೇ ಅದನ್ನೂ ಒಪ್ಪಿಸಲಿ. ರಜೆಯ ದಿನ ಯಾರು ನೋಡುತ್ತಾರೆ ಅಂತ ಮೊದಲೇ ಬರೆದಿಡಿ.

ಇನ್ನು, ಎಲ್ಲ ಕಡೆ ಖಾತೆ ತೆರೆಯುವ ಹುಚ್ಚು ಬೇಡ. ಜನ ಎಲ್ಲಿ ಜಾಸ್ತಿ ಇದ್ದಾರೋ ಅಂಥ ಒಂದೆರಡು ಸಾಕು. ಧೂಳು ಹಿಡಿದ ಐದು ಪುಟಕ್ಕಿಂತ ಉಸಿರಾಡುವ ಒಂದು ಪುಟ ವಾಸಿ.

ಬರೆಯುವ ಭಾಷೆ

ಕಚೇರಿಯ ಭಾಷೆಯನ್ನು ಹಾಗೇ ಎತ್ತಿ ಹಾಕಬೇಡಿ. "ತುರ್ತು ನಿರ್ವಹಣಾ ಕಾಮಗಾರಿಯ ನಿಮಿತ್ತ ನೀರು ಸರಬರಾಜಿನಲ್ಲಿ ವ್ಯತ್ಯಯ ಉಂಟಾಗಲಿದ್ದು ಸಾರ್ವಜನಿಕರು ಸಹಕರಿಸಲು ಕೋರಿದೆ" ಎಂದು ಬರೆದರೆ ಓದಿದವರಿಗೆ ಕೋಪ ಬಿಟ್ಟು ಬೇರೇನೂ ಸಿಗುವುದಿಲ್ಲ. ಅದನ್ನೇ ಹೀಗೆ ಬರೆಯಿರಿ: "ನಾಳೆ ಬೆಳಿಗ್ಗೆ 6ರಿಂದ ಮಧ್ಯಾಹ್ನ 2ರವರೆಗೆ ನೀರು ಬರುವುದಿಲ್ಲ. ಪೈಪ್ ಒಡೆದಿದೆ. ಇವತ್ತು ರಾತ್ರಿಯೇ ತುಂಬಿಸಿಟ್ಟುಕೊಳ್ಳಿ. ಯಾವ ಯಾವ ಬೀದಿ ಅನ್ನುವ ಪಟ್ಟಿ ಕೆಳಗಿದೆ." ಆ ಪಟ್ಟಿಯನ್ನು ಫೋಟೊ ಮಾಡಿ ಹಾಕಬೇಡಿ, ಅಕ್ಷರದಲ್ಲೇ ಟೈಪ್ ಮಾಡಿ. ಕಣ್ಣು ಕಾಣದವರ ಫೋನ್ ಅಕ್ಷರವನ್ನು ಓದಿ ಹೇಳುತ್ತದೆ. ಸೀಲು ಸಹಿ ಸಮೇತ ಸ್ಕ್ಯಾನ್ ಮಾಡಿದ ಸುತ್ತೋಲೆಯ ಮುಂದೆ ಅದು ಸಾಮಾನ್ಯವಾಗಿ ತಡವರಿಸುತ್ತದೆ.

ಕೌಂಟರಿನ ಹಿಂದೆ ಯಾರಿದ್ದಾರೆ?

ನಿಜವಾದ ಕೆಲಸ ಇರುವುದು ಇಲ್ಲಿ. "ನಿಮ್ಮ ದೂರನ್ನು ಸಂಬಂಧಪಟ್ಟವರ ಗಮನಕ್ಕೆ ತರಲಾಗಿದೆ" ಅನ್ನುವ ಸಾಲನ್ನು ನಾವೆಲ್ಲ ಓದಿದ್ದೇವೆ. ಈ ಸಂಬಂಧಪಟ್ಟವರು ನೋಡಲು ಹೇಗಿರುತ್ತಾರೋ, ಕಂಡವರಿಲ್ಲ.

ಪೋಸ್ಟ್ ಹಾಕುವ ಹುಡುಗನ ಕೈಯಲ್ಲಿ ಒಂದು ಹಾಳೆ ಇರಬೇಕು. ದೀಪ ಅಂದರೆ ಯಾರು, ಚರಂಡಿ ಅಂದರೆ ಯಾರು, ಎಷ್ಟು ದಿನದೊಳಗೆ ಉತ್ತರ, ಅವರು ಫೋನ್ ಎತ್ತದಿದ್ದರೆ ಮೇಲಿನವರು ಯಾರು. ಈ ಹಾಳೆ ಇಲ್ಲದೆ ಪುಟ ತೆರೆದರೆ ಅವನು ಸುಮ್ನೆ ಬೈಸಿಕೊಳ್ಳಲು ಕೂತ ಹಾಗೆ.

ಬೀದಿ ದೀಪದ ಕಾಮೆಂಟಿಗೇ ಬರೋಣ. ಮೊದಲ ಉತ್ತರ ಅದೇ ದಿನ: "ಕಂಬದ ಮೇಲಿನ ನಂಬರ್ ಕಳಿಸುತ್ತೀರಾ?" ಎರಡನೆಯದು: "ನೋಡಿಕೊಂಡು ಬಂದೆವು. ಬಲ್ಬ್ ಅಲ್ಲ, ಕೇಬಲ್ ಹೋಗಿದೆ. ಹೊಸದು ಗುರುವಾರ ಬರುತ್ತದೆ. ಶುಕ್ರವಾರ ಸಂಜೆ ದೀಪ ಹತ್ತದಿದ್ದರೆ ಇಲ್ಲೇ ಬರೆಯಿರಿ." ಮೂರನೆಯದು, ದೀಪ ಹತ್ತಿದ ಮೇಲೆ ಅದೇ ಕಾಮೆಂಟಿನ ಕೆಳಗೆ ಒಂದು ಫೋಟೊ. ಕೇಳಿದವರು ಒಬ್ಬರೇ ಇರಬಹುದು, ಓದುವವರು ಇಡೀ ಬೀದಿ. ಫೋನ್ ನಂಬರ್, ಮನೆ ವಿಳಾಸ ಬೇಕಾದರೆ ಮಾತ್ರ ಇನ್‌ಬಾಕ್ಸಿನಲ್ಲಿ ಕೇಳಿ. ಕೆಲಸ ಮುಗಿದ ಸುದ್ದಿಯನ್ನು ಎಲ್ಲರ ಎದುರೇ ಹೇಳಿ.

ಆಗದ ಕೆಲಸವಾದರೆ ಆಗಲ್ಲ ಅಂತಲೇ ಹೇಳಿ, ಕಾರಣವನ್ನೂ ಕೊಡಿ. ಜನ ಬೈಯುತ್ತಾರೆ, ನಿಜ. ಉತ್ತರವೇ ಬರದಿದ್ದರೆ ಇನ್ನೂ ಜಾಸ್ತಿ ಬೈಯುತ್ತಾರೆ.

ವದಂತಿ ಹಬ್ಬಿದಾಗ

2011ರ ಜನವರಿಯಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಪ್ರವಾಹಕ್ಕೆ ಸಿಕ್ಕಿದಾಗ ಅಲ್ಲಿನ ಪೊಲೀಸರು ಪತ್ರಿಕಾ ಪ್ರಕಟಣೆಗೆ ಕಾಯಲಿಲ್ಲ. ಸಿಕ್ಕ ಮಾಹಿತಿಯನ್ನು ಸಿಕ್ಕ ಹಾಗೇ ಫೇಸ್‌ಬುಕ್, ಟ್ವಿಟರಿಗೆ ಹಾಕುತ್ತಾ ಹೋದರು. ಸುಳ್ಳು ಸುದ್ದಿ ಕಂಡಾಗಲೆಲ್ಲ 'ಮಿಥ್‌ಬಸ್ಟರ್' ಅನ್ನುವ ಹ್ಯಾಶ್‌ಟ್ಯಾಗ್ ಹಚ್ಚಿ ಅಲ್ಲೇ ಒಡೆದರು. ಇದು ಸಾಧ್ಯವಾಗಬೇಕಾದರೆ ಪ್ರತಿ ಪೋಸ್ಟಿಗೂ ಮೇಲಿನವರ ಸಹಿ ಬೇಕು ಅನ್ನುವ ನಿಯಮ ಇರಬಾರದು, ಅಲ್ವಾ? ತುರ್ತಿನಲ್ಲಿ ಯಾರು ಯಾರನ್ನೂ ಕೇಳದೆ ಬರೆಯಬಹುದು ಎಂದು ಮಳೆಗಾಲಕ್ಕೆ ಮೊದಲೇ ಆದೇಶ ಮಾಡಿಡಿ.

ಅಭಿಪ್ರಾಯ ಕೇಳುವ ಮುನ್ನ

2016ರಲ್ಲಿ ಬ್ರಿಟನ್ನಿನ ಸರ್ಕಾರಿ ಸಂಶೋಧನಾ ಸಂಸ್ಥೆಯೊಂದು ಹೊಸ ಹಡಗಿಗೆ ಹೆಸರು ಸೂಚಿಸಿ ಎಂದು ಆನ್‌ಲೈನಿನಲ್ಲಿ ಕೇಳಿತು. ಗೆದ್ದದ್ದು ತಮಾಷೆಗೆ ಸೂಚಿಸಿದ ಹೆಸರು, 'ಬೋಟಿ ಮೆಕ್‌ಬೋಟ್‌ಫೇಸ್'. ಆದರೆ ಹಡಗಿಗೆ ಇಟ್ಟದ್ದು ವನ್ಯಜೀವಿ ಸಾಕ್ಷ್ಯಚಿತ್ರಗಳ ಡೇವಿಡ್ ಅಟೆನ್‌ಬರೋ ಹೆಸರು. ಜನರ ಬೋಟಿ ಆ ಹಡಗಿನ ಪುಟ್ಟ ಜಲಾಂತರ್ಗಾಮಿಗೆ ಹೋಯಿತು. ನಗುವಿನಲ್ಲೇ ಮುಗಿಯಿತು, ಸರಿ. ಐಸ್‌ಲ್ಯಾಂಡಿನದು ಹಾಗಲ್ಲ. 2011ರಲ್ಲಿ ಅಲ್ಲಿ 25 ಜನರ ಮಂಡಳಿ ಹೊಸ ಸಂವಿಧಾನದ ಕರಡನ್ನು ಆನ್‌ಲೈನಿನಲ್ಲಿಟ್ಟು, ಫೇಸ್‌ಬುಕ್ಕಿನಲ್ಲೂ ಜನರ ಮಾತು ಕೇಳುತ್ತಾ ಬರೆಯಿತು. ಮರುವರ್ಷದ ಜನಮತದಲ್ಲಿ ಮತ ಹಾಕಿದವರ ಪೈಕಿ ಮೂರರಲ್ಲಿ ಎರಡು ಪಾಲು ಹೂಂ ಅಂದರು. ಸಂಸತ್ತು ಅದನ್ನು ಪಾಸು ಮಾಡಲೇ ಇಲ್ಲ. ಕೇಳುವ ಮೊದಲೇ ಹೇಳಿಬಿಡಿ: ಇದು ಸಲಹೆಯೋ, ತೀರ್ಮಾನವೋ?

ಚರ್ಚೆ ಜಗಳವಾಗುತ್ತದೆ ಅನ್ನುವ ಹೆದರಿಕೆ ಇದ್ದರೆ ತೈವಾನ್ ನೋಡಿ. 2015ರಲ್ಲಿ ಊಬರ್ ಟ್ಯಾಕ್ಸಿಗೆ ನಿಯಮ ಹೇಗಿರಬೇಕು ಅನ್ನುವ ಚರ್ಚೆಗೆ ಅಲ್ಲಿ ಬಳಸಿದ 'ಪೋಲಿಸ್' ಎಂಬ ತಂತ್ರಾಂಶದಲ್ಲಿ (ಖಾಕಿಯವರಲ್ಲ) ರಿಪ್ಲೈ ಬಟನ್ನೇ ಇರಲಿಲ್ಲ. ಬೇರೆಯವರ ಮಾತಿಗೆ ಒಪ್ಪಿಗೆ, ಇಲ್ಲ, ಗೊತ್ತಿಲ್ಲ, ಇಷ್ಟೇ. ಬೈಯಲು ಜಾಗವೇ ಇಲ್ಲದ ಕಾರಣ ಎಲ್ಲರೂ ಒಪ್ಪುವ ಮಾತುಗಳು ಮೇಲೆ ಬಂದವು.

ಬ್ಲಾಕ್ ಬಟನ್

ಟೀಕೆಗೆ ಬ್ಲಾಕ್ ಮದ್ದಲ್ಲ. ಬೆದರಿಕೆ, ಅಶ್ಲೀಲ, ಜಾಹೀರಾತು, ಇವನ್ನು ತೆಗೆಯುತ್ತೇವೆ ಎಂದು ಪುಟದ ಮೇಲೇ ಬರೆದು, ಅಷ್ಟನ್ನೇ ತೆಗೆಯಿರಿ. "ಅದು ನನ್ನ ಸ್ವಂತ ಖಾತೆ" ಅನ್ನುವ ಅಧಿಕಾರಿಗಳೂ ಇದ್ದಾರೆ. 2024ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದನ್ನೇ ವಿಚಾರಿಸಿತು. ಸರ್ಕಾರದ ಪರ ಮಾತಾಡುವ ಅಧಿಕಾರ ಇದ್ದು, ಆ ಅಧಿಕಾರದಲ್ಲೇ ಪೋಸ್ಟ್ ಹಾಕಿದ್ದರೆ ಅದು ಸರ್ಕಾರದ ನಡೆಯೇ ಎಂದಿತು.

ಲೆಕ್ಕ

ತಿಂಗಳ ಕೊನೆಗೆ ಲೈಕ್ ಎಣಿಸಬೇಡಿ. ಎಷ್ಟು ದೂರು ಬಂತು, ಎಷ್ಟು ಮುಗಿಯಿತು, ಮೊದಲ ಉತ್ತರಕ್ಕೆ ಎಷ್ಟು ಗಂಟೆ ಹಿಡಿಯಿತು, ಈ ಮೂರನ್ನು ಎಣಿಸಿ ಪುಟದಲ್ಲೇ ಹಾಕಿ. ಫೋನಿಲ್ಲದವರ ದೂರು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಅದಕ್ಕೇ ಕಚೇರಿಯ ಆ ಹಳೆಯ ಕಿಟಕಿಯನ್ನು ಮುಚ್ಚಬೇಡಿ. ಅಲ್ಲಿ ಬಂದ ದೂರನ್ನೂ ಇದೇ ಪಟ್ಟಿಗೆ ಸೇರಿಸಿ.