ಗಾಳಿಯ ಊರಲ್ಲಿ ಗಾಳಿ ತಪ್ಪಿಸಿಕೊಂಡು ಕಲಿತದ್ದು

ಮೊದಲ ಮಧ್ಯಾಹ್ನ ಟವೆಲ್ ಹಾಸಿ ಮಲಗಿದೆ. ಹತ್ತು ನಿಮಿಷಕ್ಕೇ ಎದ್ದೆ. ಹಾರಿ ಬಂದ ಮರಳು ಕಾಲಿಗೆ ಸೂಜಿ ಚುಚ್ಚಿದ ಹಾಗೆ ಚುಚ್ಚುತ್ತಿತ್ತು. ಊರಿನ ಹೆಸರು ಎಲ್ ಮೆದಾನೊ, ಅಂದರೆ ಮರಳುದಿಬ್ಬ. ಸುಮ್ನೆ ಇಟ್ಟ ಹೆಸರಲ್ಲ.

ಸ್ಪೇನಿನ ಕ್ಯಾನರಿ ದ್ವೀಪಗಳಲ್ಲಿ ಒಂದಾದ ಟೆನೆರಿಫೆಯ ದಕ್ಷಿಣ ತೀರ ಇದು. ದ್ವೀಪದ ನಡುವೆ 3,715 ಮೀಟರ್ ಎತ್ತರದ ಟೈಡೆ ಜ್ವಾಲಾಮುಖಿ ಇದೆ. ಶಾಲೆಯಲ್ಲಿ ವಾಣಿಜ್ಯ ಮಾರುತ ಅಂತ ಬಾಯಿಪಾಠ ಮಾಡಿದ್ದೆವಲ್ಲ, ಅದೇ ಗಾಳಿ ಈಶಾನ್ಯದಿಂದ ಬಂದು ಈ ಗುಡ್ಡಕ್ಕೆ ಬಡಿದು, ಪಕ್ಕದಿಂದ ನುಗ್ಗುವಾಗ ಜೋರಾಗುತ್ತದೆ. ಬೇಸಿಗೆಯಲ್ಲಂತೂ ನಮ್ಮ ಆಷಾಢದ ಗಾಳಿ, ಮಳೆ ಮಾತ್ರ ಇಲ್ಲ.

ಗಾಳಿ ಬಂದಾಗ ತೂರಿಕೋ ಅನ್ನುತ್ತಾರೆ. ವಿಂಡ್‌ಸರ್ಫಿಂಗ್, ಅಂದರೆ ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ಗಾಳಿಯ ಬಲದಲ್ಲಿ ಸಮುದ್ರದ ಮೇಲೆ ಸಾಗುವ ಆಟ, ಹೊಸದಾಗಿ ಕಲಿಯುವವರಿಗೆ ಇಲ್ಲಿ ಆ ಮಾತು ನಡೆಯುವುದಿಲ್ಲ. ನಾನು ಕೇಳಲಿಲ್ಲ. ಎರಡನೇ ದಿನ ಮಧ್ಯಾಹ್ನ ಮೂರಕ್ಕೆ ನೀರಿಗಿಳಿದೆ. ಗಾಳಿ ನನ್ನನ್ನು ಬೋರ್ಡ್ ಸಮೇತ ಊರಿನ ಪಕ್ಕದ ಕೆಂಪು ಗುಡ್ಡದ ಕಡೆಗೆ ಹೊತ್ತುಕೊಂಡು ಹೋಯಿತು. ಕೊನೆಗೆ ದೋಣಿಯವರು ಎಳೆದು ತಂದರು. ದಡದಲ್ಲಿ ಯಾರೂ ನಗಲಿಲ್ಲ. ಅದೇ ಹೆಚ್ಚು ಅವಮಾನ!

ಮರುದಿನದಿಂದ ಗಾಳಿ ಜೋರಾಗುವ ಮೊದಲೇ, ಬೆಳಿಗ್ಗೆ ಬೇಗ ಹೋದೆ. ಅಗಲವಾದ ಬೋರ್ಡ್, ಚಿಕ್ಕ ಹಾಯಿ. ಕಷ್ಟವೆಲ್ಲ ಹಾಯಿ ಎತ್ತುವುದರಲ್ಲಿದೆ. ಅದರ ಮೇಲೆ ನೀರು ನಿಂತಿರುತ್ತದೆ, ಒಮ್ಮೆಲೇ ಎಳೆದರೆ ಸೊಂಟ ಹೋಗುತ್ತದೆ. ಬಾವಿಯಿಂದ ಕೊಡ ಸೇದುವವರು ಬಗ್ಗಿ ಎಳೆಯುತ್ತಾರೆ, ಇಲ್ಲಿ ಹಾಗಲ್ಲ. ಬೆನ್ನು ನೆಟ್ಟಗಿರಬೇಕು, ಮಂಡಿ ಸ್ವಲ್ಪ ಮಡಚಿರಬೇಕು. ಹಗ್ಗ ಹಿಡಿದು ಮೈಭಾರವನ್ನು ಹಿಂದಕ್ಕೆ ಬಿಟ್ಟು ಕಾಯಬೇಕು. ನೀರು ಜಾರಿದ ಮೇಲೆ ಹಾಯಿ ಹಗುರಾಗಿ ಮೇಲೇಳುತ್ತದೆ. ಆಮೇಲೆ ಕಾಲು ನೋಡಬಾರದು. ಹೋಗಬೇಕಾದ ಕಡೆ ನೋಡಬೇಕು. ಗಾಳಿ ಜಾಸ್ತಿಯಾದರೆ ಹಿಂದಿನ ಕೈ ಸಡಿಲಿಸಿದರೆ ಸಾಕು, ಹಾಯಿ ತಾನಾಗಿ ಗಾಳಿ ಬಿಟ್ಟುಕೊಡುತ್ತದೆ. ಇದು ತಿಳಿಯಲು ನನಗೆ ನಾಲ್ಕು ದಿನ ಬೇಕಾಯಿತು.

ಐದನೇ ದಿನ ಬೀಳದೆ ಹೋಗಿ, ತಿರುಗಿಸಿಕೊಂಡು ದಡಕ್ಕೆ ವಾಪಸ್ ಬಂದೆ. ಅಷ್ಟರಲ್ಲಿ ದೂರದಲ್ಲಿ ಬಿಳಿ ನೊರೆ ಏಳತೊಡಗಿತ್ತು. ಹಾಯಿ ಕಳಚಿಟ್ಟು, 171 ಮೀಟರಿನ ಆ ಕೆಂಪು ಗುಡ್ಡ ಹತ್ತಿದೆ. ಮೊಂಟಾನ್ಯಾ ರೋಹಾ ಅನ್ನುತ್ತಾರೆ, ಅದೂ ಹಳೆಯ ಜ್ವಾಲಾಮುಖಿಯೇ. ಕೆಳಗೆ ಕಬೇಸೊ ಬೀಚಿನ ಅಲೆಗಳ ಮೇಲೆ ಪಳಗಿದವರು ಬೋರ್ಡ್ ಸಮೇತ ಹಾರುತ್ತಿದ್ದರು. ನಾನು ಟೋಪಿ ಹಾರದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ನೋಡುತ್ತಾ ಕೂತೆ.