ಡೆಕ್ ಕಲಸುವುದು ಹೀಗೆ, ಜಡ್ಜ್ ಕರೆಯುವುದು ಹೀಗೆ

ಒಂದು ಆಟ ಮುಗಿದಾಗ ಲ್ಯಾಂಡ್ ಕಾರ್ಡುಗಳೆಲ್ಲ, ಅಂದರೆ ಬೇರೆ ಕಾರ್ಡು ಆಡಲು ಬೇಕಾದ ಶಕ್ತಿ ಕೊಡುವ ಕಾರ್ಡುಗಳೆಲ್ಲ, ಒಂದೇ ಕಡೆ ಗುಂಪಾಗಿ ಕೂತಿರುತ್ತವೆ. ಮ್ಯಾಜಿಕ್: ದ ಗ್ಯಾದರಿಂಗ್ ಎಂಬ ಕಾರ್ಡಾಟ ಆಡುವವರಿಗೆ ಇದು ಗೊತ್ತಿರುವ ಪಾಡು. ಅವನ್ನು ಬಿಡಿಸಿ, ಎರಡು ಕಾರ್ಡಿಗೊಂದು ಲ್ಯಾಂಡ್ ಸೇರಿಸಿ ಜೋಡಿಸಿಟ್ಟು, ಆಮೇಲೆ ಒಂದೆರಡು ಸಲ ಕಲಸುವವರು ಬಹಳ ಮಂದಿ. ಮೋಸ ಮಾಡುವ ಯೋಚನೆ ಹೆಚ್ಚಿನವರಿಗೆ ಇರುವುದಿಲ್ಲ. ಆದರೂ ಇದು ತಪ್ಪೇ. ಆಮೇಲೆ ಸರಿಯಾಗಿ ಕಲಸಿದರೆ ಆ ಜೋಡಣೆ ಉಳಿಯುವುದಿಲ್ಲ, ಸುಮ್ನೆ ಸಮಯ ದಂಡ. ಜೋಡಣೆ ಉಳಿದು ಉಪಯೋಗಕ್ಕೆ ಬಂತು ಅಂದರೆ ನೀವು ಕಲಸಿಯೇ ಇಲ್ಲ.

ಮೊದಲು ಡೆಕ್, ಅಂದರೆ ನಿಮ್ಮ ಕಾರ್ಡಿನ ಕಟ್ಟು, ಎಣಿಸಿ. ಕಾರ್ಡುಗಳನ್ನು ಗುಡ್ಡೆ ಗುಡ್ಡೆಯಾಗಿ ಹಾಕಿದರೆ ಎಣಿಸುವುದು ಸುಲಭ. ಆದರೆ ಅದನ್ನೇ ಕಲಸುವುದು ಅಂದುಕೊಳ್ಳಬೇಡಿ. ಒಂದು ಸಲ ಮಾಡಿ ನೋಡಿ: 60 ಕಾರ್ಡಿನ ಡೆಕ್, ಅದರಲ್ಲಿ 20 ಲ್ಯಾಂಡ್. ಪ್ರತಿ ಮೂರನೆಯದು ಲ್ಯಾಂಡ್ ಆಗುವಂತೆ ಜೋಡಿಸಿ. ಈಗ ಒಂದೊಂದೇ ಕಾರ್ಡು ಇಳಿಸುತ್ತಾ ಮೂರು ಗುಡ್ಡೆ ಮಾಡಿ. ಮೂರನೇ ಗುಡ್ಡೆ ತಿರುಗಿಸಿ ನೋಡಿದರೆ 20ಕ್ಕೆ 20 ಲ್ಯಾಂಡೇ! ಯಾವ ಕಾರ್ಡು ಎಲ್ಲಿಗೆ ಹೋಗುತ್ತದೆ ಎಂದು ಮೊದಲೇ ಲೆಕ್ಕ ಹಾಕಬಹುದಾದ ಕೆಲಸ ಇದು. ಮ್ಯಾಜಿಕ್ ಟೂರ್ನಮೆಂಟ್ ನಿಯಮದಲ್ಲಿ ಗುಡ್ಡೆ ಎಣಿಕೆಗೆ ಪ್ರತಿ ಆಟದ ಆರಂಭದಲ್ಲಿ ಒಂದೇ ಸಲ ಅವಕಾಶ ಇರುವುದು ಸರಿಯಾಗಿಯೇ ಇದೆ.

ಇನ್ನು ನಿಜವಾದ ಕಲಸುವಿಕೆ. ಡೆಕ್ಕನ್ನು ಸುಮಾರು ಅರ್ಧಕ್ಕೆ ಎರಡು ಮಾಡಿ, ಒಂದರ ಅಂಚಿನೊಳಗೆ ಇನ್ನೊಂದರ ಅಂಚನ್ನು ಮೆತ್ತಗೆ ತೂರಿಸಿ, ಒತ್ತಿ ಒಂದಾಗಿಸಿ. ಇದು ಮ್ಯಾಶ್. ಸ್ಲೀವ್ (ಪ್ಲಾಸ್ಟಿಕ್ ಕವರು) ಹಾಕಿದ ಕಾರ್ಡಿಗೆ ಇದೇ ಅನುಕೂಲ, ಬಗ್ಗಿಸುವ ಭಯವಿಲ್ಲ. ಕಾರ್ಡಿನ ಮುಖ ಯಾರ ಕಣ್ಣಿಗೂ, ನಿಮ್ಮ ಕಣ್ಣಿಗೂ, ಬೀಳಬಾರದು. ಇಲ್ಲೊಂದು ಸಣ್ಣ ತಪ್ಪು ತುಂಬಾ ಜನ ಮಾಡುತ್ತಾರೆ: ಪ್ರತಿ ಸಲವೂ ಮೇಲಿನ ನಾಲ್ಕೈದು ಕಾರ್ಡು ಮೇಲೆಯೇ ಉಳಿದುಬಿಡುತ್ತವೆ. ಹಾಗಾಗಿ ನಡುನಡುವೆ ಕಟ್ ಮಾಡಿ, ಯಾವ ಅರ್ಧ ಮೇಲೆ ಬರಬೇಕು ಎಂಬುದನ್ನು ಬದಲಿಸುತ್ತಿರಿ.

ಎಷ್ಟು ಸಲ? ಗಣಿತಜ್ಞರಾದ ಡೇವ್ ಬೇಯರ್ ಮತ್ತು ಪರ್ಸಿ ಡಯಾಕೊನಿಸ್ 1992ರಲ್ಲಿ ಇದರ ಲೆಕ್ಕ ಪ್ರಕಟಿಸಿದರು. 52 ಎಲೆಯ ಇಸ್ಪೀಟಿಗೆ ಏಳು ರಿಫಲ್ (ಎರಡು ಅರ್ಧಗಳ ಅಂಚು ಬಗ್ಗಿಸಿ ಒಂದರೊಳಗೊಂದು ಬೀಳಿಸಿ ಕಲಸುವುದು) ಎಂಬ ಮಾತು ಹುಟ್ಟಿದ್ದು ಅಲ್ಲಿಂದ. ಒಂದು ಅಂದರೆ ಕಲಸೇ ಇಲ್ಲ, ಸೊನ್ನೆ ಅಂದರೆ ಪೂರ್ತಿ ಕಲೆತಿದೆ ಎಂದಿಟ್ಟುಕೊಳ್ಳಿ. ಐದು ಸಲಕ್ಕೆ ಇನ್ನೂ 0.92ರಲ್ಲೇ ಇರುತ್ತೇವೆ. ಏಳಕ್ಕೆ 0.33. ಆಮೇಲೆ ಪ್ರತಿ ಸಲವೂ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. 60 ಕಾರ್ಡಿನ ಡೆಕ್ ಆದರೆ ನಾನು ಹತ್ತು ಸಲ ಮಾಡುತ್ತೇನೆ. ನೀವೂ ಮಾಡಿ, ಅರ್ಧ ನಿಮಿಷ ಜಾಸ್ತಿ ಆಗಬಹುದು ಅಷ್ಟೇ. ಕೈಯಲ್ಲಿ ಹಿಡಿದು ಮೇಲಿಂದ ಸ್ವಲ್ಪ ಸ್ವಲ್ಪ ಇಳಿಸುವ ಪದ್ಧತಿಯನ್ನು ಮಾತ್ರ ನಂಬಿಕೊಳ್ಳಬೇಡಿ. ಅದರಲ್ಲಿ ಚೆನ್ನಾಗಿ ಕಲೆಯಲು ಸಾವಿರಗಟ್ಟಲೆ ಸಲ ಬೇಕು.

ಕಲಸಿದ ಮೇಲೆ ಡೆಕ್ಕನ್ನು ಎದುರಾಳಿಯ ಮುಂದೆ ಇಡಿ. ದೊಡ್ಡ ಪಂದ್ಯಗಳಲ್ಲಿ ಎದುರಾಳಿಯ ಡೆಕ್ಕನ್ನು ನೀವೂ ಕಲಸಲೇಬೇಕು. ಸಂಕೋಚಪಟ್ಟು ಸುಮ್ಮನೆ ತಟ್ಟಿ ವಾಪಸ್ ಕೊಡುವುದು ಸೌಜನ್ಯ ಅಲ್ಲ. ಬೇರೆಯವರ ಕಾರ್ಡು, ನಾಜೂಕಾಗಿ ಹಿಡಿಯಿರಿ.

ಅನುಮಾನ ಬಂದರೆ? ಎದುರಾಳಿಯ ಜೊತೆ ವಾದ ಬೇಡ. ಕಾರ್ಡು ಮುಟ್ಟುವುದು ನಿಲ್ಲಿಸಿ, ಕೈ ಎತ್ತಿ, ಜೋರಾಗಿ ‘ಜಡ್ಜ್’ ಎಂದು ಕರೆಯಿರಿ. ನನ್ನ ಡೆಕ್ಕಿನ ಮೇಲೆ ಮೊದಲ ಸಲ ಜಡ್ಜ್ ಕರೆದಾಗ ನನಗೆ ಮನಸ್ಸಿಗೆ ಚುಚ್ಚಿತ್ತು, ಕಳ್ಳ ಅಂದ ಹಾಗೆ ಅನಿಸಿತ್ತು. ಹಾಗಲ್ಲ. ಅದು ಆಟದ ಭಾಗ. ಕಂಡದ್ದನ್ನಷ್ಟೇ ಹೇಳಿ: ‘ಎರಡೇ ಸಲ ಕಲಸಿದರು’, ‘ಕಲಸುವಾಗ ಕೆಳಗಿನ ಕಾರ್ಡು ನೋಡಿದರು’. ‘ಮೋಸ ಮಾಡಿದರು’ ಎಂಬ ತೀರ್ಪು ನಿಮ್ಮ ಬಾಯಿಂದ ಬರಬಾರದು. ಉದ್ದೇಶ ಏನಿತ್ತು ಎಂದು ಕೇಳಿ ತಿಳಿಯುವುದು ಜಡ್ಜ್ ಕೆಲಸ. ಬೇಕಿದ್ದರೆ ಒಬ್ಬೊಬ್ಬರನ್ನೇ ಮೇಜಿನಿಂದ ದೂರ ಕರೆದು ಮಾತಾಡಿಸುತ್ತಾರೆ. ಅರಿಯದೆ ಕಡಿಮೆ ಕಲಸಿದ್ದರೆ ಸಾಮಾನ್ಯವಾಗಿ ಎಚ್ಚರಿಕೆ ಕೊಟ್ಟು, ಮತ್ತೆ ಕಲಸಲು ಹೇಳುತ್ತಾರೆ. ಬೇಕೆಂದೇ ಮಾಡಿದ್ದರೆ ಟೂರ್ನಮೆಂಟಿನಿಂದಲೇ ಹೊರಗೆ.

ತೀರ್ಪು ಒಪ್ಪಿಗೆಯಾಗದಿದ್ದರೆ ಹೆಡ್ ಜಡ್ಜ್ ಹತ್ತಿರ ಮೇಲ್ಮನವಿ ಮಾಡಬಹುದು. ಆದರೆ ಮೊದಲ ಜಡ್ಜ್ ಪೂರ್ತಿ ಹೇಳಿ ಮುಗಿಸುವವರೆಗೆ ಕಾಯಿರಿ. ಇಷ್ಟಕ್ಕೆಲ್ಲ ಒಂದು ನಿಮಿಷಕ್ಕಿಂತ ಜಾಸ್ತಿ ಹಿಡಿದಿದ್ದರೆ ಆ ಸಮಯ ನಿಮ್ಮಿಬ್ಬರಿಗೂ ವಾಪಸ್ ಸಿಗಬೇಕು. ಎಷ್ಟು ನಿಮಿಷ ಎಂದು ಜಡ್ಜ್ ಹೊರಡುವ ಮೊದಲೇ ಕೇಳಿಕೊಳ್ಳಿ.